ದ್ರಾಕ್ಷಿಗೆ ಹೋದ ಗುಳಿಗೆಗಳು

ಕಾಲಂ 1: ಕ್ರಮಸಂಖ್ಯೆ

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದು ನನಗೆ ಆರು ವರ್ಷದಿಂದ ಗೊತ್ತಾಗಿಲ್ಲ. (ಗೊತ್ತಿದೆ. ಶುರು ಮಾಡುವ ಧೈರ್ಯವಿಲ್ಲ. ಕಥೆಗಾರರು ಇವೆರಡನ್ನೂ ಒಂದೇ ಎಂದು ತೋರಿಸುವುದರಲ್ಲಿ ಪಳಗಿದವರು.)

ಮೊದಲ ಡ್ರಾಫ್ಟು ಹೀಗಿತ್ತು: ‘1993ರ ಡಿಸೆಂಬರಿನ ಒಂದು ಗುರುವಾರ ಸಂಜೆ, ಕಾಗವಾಡದ ಕಡೆಯ ಒಂದು ಹಳ್ಳಿಯ ದ್ರಾಕ್ಷಿ ತೋಟದಲ್ಲಿ, ಇಬ್ಬರು ಯುವಜನರು ಒಂದು ತಪ್ಪು ಮಾಡಿದರು.’ ಹರಿದು ಹಾಕಿದೆ. ತಪ್ಪು ಮಾಡಿದವರು ಅವರಿಬ್ಬರೇ ಎಂದು ಕೇಳಿಸುತ್ತದೆ. ಎರಡನೆಯದು ದ್ರಾಕ್ಷಿಯಿಂದ ಶುರುವಾಗಿತ್ತು, ಭಾಷೆಯೂ ಸೊಗಸಾಗಿತ್ತು, ಆದರೆ ಎರಡು ಪುಟ ದಾಟಿದರೂ ಒಬ್ಬ ಮನುಷ್ಯನೂ ಬರಲಿಲ್ಲ. ಮೂರನೆಯ ಡ್ರಾಫ್ಟಿನಲ್ಲಿ ನಾನು ಇರಲಿಲ್ಲ. ನಿಜ ಹೇಳಬೇಕೆಂದರೆ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಕೊನೆಗೆ ಸರಕಾರದ ಮೊರೆ ಹೋಗಿದ್ದೇನೆ. ನಮ್ಮ ಇಲಾಖೆಯಲ್ಲಿ ‘ಅರ್ಹ ದಂಪತಿಗಳ ರಜಿಸ್ಟರು’ ಎಂಬ ಉದ್ದನೆಯ ಪುಸ್ತಕ ಇರುತ್ತದೆ. ಹಳ್ಳಿಯಲ್ಲಿ ಯಾರು ಯಾರಿಗೆ ಮದುವೆಯಾಗಿದೆ, ಮಕ್ಕಳೆಷ್ಟು, ಇನ್ನು ಮಕ್ಕಳು ಬೇಡವೆಂದು ಏನು ಮಾಡುತ್ತಿದ್ದಾರೆ ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕು. ಅದಕ್ಕೆ ಕಾಲಂಗಳಿವೆ. ಕಾಲಂ ಇದ್ದರೆ ಬರೆಯುವವನಿಗೆ ಯೋಚನೆ ಮಾಡುವ ಕೆಲಸ ಕಡಿಮೆ. ಈ ಕಥೆಯನ್ನೂ ಹಾಗೆಯೇ ತುಂಬುತ್ತೇನೆ.

ನನ್ನ ಹೆಸರು ಗಂಗಾರಾಮ, ಊರು ನಿಪ್ಪಾಣಿ ಹತ್ತಿರದ ಅಕ್ಕೋಳ. ಆಗ ನಾನು ಆ ಹಳ್ಳಿಯ ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕ. ಹಳ್ಳಿಯ ಹೆಸರು ಬರೆಯುವುದಿಲ್ಲ, ಅಲ್ಲಿ ನನ್ನನ್ನು ಇನ್ನೂ ಒಳ್ಳೆಯವನೆಂದು ತಿಳಿದವರು ನಾಲ್ಕು ಜನ ಇದ್ದಾರೆ.

ಕಾಲಂ 2: ದಂಪತಿಗಳ ಹೆಸರು

ನರ್ಸಬಾಯಿಯ ಹುದ್ದೆ ಎರಡು ವರ್ಷದಿಂದ ಖಾಲಿ ಇತ್ತು. ಹಾಗಾಗಿ ಹೆಂಗಸರಿಗೆ ಹಂಚಬೇಕಾದ ಪುಕ್ಕಟೆ ಗುಳಿಗೆಗಳು ನನ್ನ ಕೈಗೆ ಬಂದವು. ಒಂದು ಸ್ಟ್ರಿಪ್ಪಿನಲ್ಲಿ ಇಪ್ಪತ್ತೊಂದು ಬಿಳಿ ಗುಳಿಗೆ, ಏಳು ಕಂದು. ಬಿಳಿಯವು ಗರ್ಭ ನಿಲ್ಲದಂತೆ ತಡೆಯುವವು. ಕಂದು ಬರೀ ಕಬ್ಬಿಣದ ಸತ್ವ, ರಕ್ತಕ್ಕೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಇದೇ ನನ್ನ ಕೊರಳಿಗೆ ಬರುತ್ತದೆ.

ಗುಳಿಗೆ ಯಾರಿಗೂ ಬೇಡವಾಗಿತ್ತು ಎಂದಲ್ಲ. ಬೇಕಿದ್ದವರಿಗೆ ಅದನ್ನು ಗಂಡಸಿನ ಕೈಯಿಂದ ಇಸಿದುಕೊಳ್ಳಲು ನಾಚಿಕೆ. ನಾನು ಚೀಲ ಹಿಡಿದು ಓಣಿಗೆ ಬಂದೆನೆಂದರೆ ಕದಗಳು ಒಂದರ ಹಿಂದೆ ಒಂದು ಮುಚ್ಚಿಕೊಳ್ಳುತ್ತಿದ್ದವು. ಮೇಲಿನ ಕೇಂದ್ರದವರು ಮಾತ್ರ ಪ್ರತಿ ತಿಂಗಳೂ ‘ಗುರಿ ಎಲ್ಲಿ’ ಎಂದು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಕುಳಿತು ನೂರಾ ಹದಿನಾಲ್ಕು ದಂಪತಿಗಳಿಗೆ ಜನವರಿ ಕೊನೆಯವರೆಗೆ ಸಾಕಾಗುವಷ್ಟು ಗುಳಿಗೆ ಹಂಚಿದೆ. ಪೆನ್ನಿನಿಂದ.

ಹೊಸದಾಗಿ ಬರೆಯುವವರು ‘ನಿಮ್ಮ ಮೊದಲ ಕೃತಿ ಯಾವುದು ಸರ್’ ಎಂದು ಕೇಳುತ್ತಾರೆ. ಇದೇ. ನೂರಾ ಹದಿನಾಲ್ಕು ಜೋಡಿ ಪಾತ್ರ, ಒಬ್ಬರಿಗೊಬ್ಬರು ಹೊಂದುವ ಸ್ವಭಾವ. ಕೆಲವರು ಮೊದಲು ಒಪ್ಪಲಿಲ್ಲ, ತಿಳಿಹೇಳಿದ ಮೇಲೆ ಒಪ್ಪಿದರು. ಸಾವಿತ್ರೆವ್ವನ ಗಂಡ ಧೂಳಪ್ಪ ತೀರಿಕೊಂಡು ವರ್ಷವಾಗಿದ್ದರೂ ಆ ದಂಪತಿ ನಿಯಮಿತವಾಗಿ ಗುಳಿಗೆ ಬಳಸುತ್ತಿದ್ದರು. ತಪಾಸಣೆಗೆ ಬಂದವರು ಓದಿ ‘ಛಲೋ ಕೆಲಸ’ ಎಂದು ಸಹಿ ಮಾಡಿ ಹೋದರು. ಅಂಥ ವಿಮರ್ಶೆ ಆಮೇಲೆ ನನ್ನ ಯಾವ ಕಥೆಗೂ ಬಂದಿಲ್ಲ.

ಉಳಿದದ್ದು ಒಂದೇ ತೊಂದರೆ. ಹಂಚಿದ ಗುಳಿಗೆಗಳೆಲ್ಲ ಮೂರು ರಟ್ಟಿನ ಪೆಟ್ಟಿಗೆಗಳಲ್ಲಿ ನನ್ನ ಕೋಣೆಯಲ್ಲೇ ಇದ್ದವು.

ಆಗ ಬಂದವನು ಧರೆಪ್ಪ. ಆರು ಎಕರೆ ದ್ರಾಕ್ಷಿ, ನಾಲ್ಕು ಎಕರೆ ಕಬ್ಬಿನ ಮನುಷ್ಯ. ಬೀಜವಿಲ್ಲದ ತಳಿ ಎಂದು ಯಾರೋ ಕೊಟ್ಟ ಕಡ್ಡಿ ನೆಟ್ಟಿದ್ದ. ಹಣ್ಣು ಬಂದಾಗ ಹತ್ತರಲ್ಲಿ ಎರಡು ಮಣಿಗೆ ಬೀಜ. ಸಾಂಗಲಿಯ ವ್ಯಾಪಾರಿಗಳು ಬಾಯಲ್ಲಿ ಹಾಕಿ, ಬೀಜ ಉಗುಳಿ, ಅವನ ಮುಖ ನೋಡುತ್ತಿದ್ದರು. ನಮ್ಮ ಕಡೆ ದ್ರಾಕ್ಷಿ ಎಳೆಯದಿರುವಾಗ ಜಿ.ಎ. ಎಂಬ ಪುಡಿಯನ್ನು ಡ್ರಮ್ಮಿನ ನೀರಿನಲ್ಲಿ ಕರಗಿಸಿ, ಒಂದೊಂದೇ ಗೊಂಚಲನ್ನು ಮಗ್ಗಿನಲ್ಲಿ ಅದ್ದಿ ತೆಗೆಯುತ್ತಾರೆ. ಮಣಿ ಉದ್ದವಾಗುತ್ತದೆ. ಅದ್ದುವ ಕೆಲಸ ಇನ್ನೇನು ಶುರುವಾಗಬೇಕು ಎನ್ನುವಾಗ ಧರೆಪ್ಪ ನನ್ನ ಕೋಣೆಯ ಪೆಟ್ಟಿಗೆಗಳನ್ನು ನೋಡುತ್ತ ಕುಳಿತ.

“ಸಾಹೇಬ್ರ, ಈ ಜಿ.ಎ. ಅನ್ನೂದು ಹಾರ್ಮೋನ್ ಅಂತಾರಲ್ರಿ. ನಿಮ್ಮ ಗುಳಿಗ್ಯಾಗ ಏನೈತಿ?”

“ಅದೂ ಒಂದ ನಮೂನಿ ಹಾರ್ಮೋನೇ ಧರೆಪ್ಪಣ್ಣಾರ.”

“ಅದೇನ ಮಾಡತೈತಿ?”

“ಗರ್ಭ ನಿಲ್ಲದಂಗ ಮಾಡತೈತಿ.”

ಧರೆಪ್ಪ ಕಿಟಕಿಯಿಂದ ತೋಟದ ಕಡೆ ನೋಡಿದ. “ಹಂಗಾದರ ಬೀಜಾನೂ ನಿಲ್ಲಂಗಿಲ್ಲ,” ಎಂದ.

ನಾನು ನಕ್ಕೆ. ನಕ್ಕದ್ದು ಸರಿ, ಆಮೇಲೆ ‘ಬೇಡ’ ಎನ್ನಬೇಕಿತ್ತು. ಬದಲಿಗೆ ಅವನನ್ನು ಊರಿನ ‘ಡಿಪೋ ಹೋಲ್ಡರ್’ ಎಂದು ನೇಮಿಸಿದೆ, ಅಂದರೆ ಸರಕಾರದ ಪರವಾಗಿ ಮನೆಯಲ್ಲಿ ಗುಳಿಗೆ ಇಟ್ಟುಕೊಂಡು ಕೇಳಿದವರಿಗೆ ಕೊಡುವವನು. ಪೆಟ್ಟಿಗೆಗಳು ಕಾನೂನುಬದ್ಧವಾಗಿ ಎತ್ತಿನ ಗಾಡಿ ಹತ್ತಿದವು.

ಮುಂದಿನ ವಾರ ತೋಟಕ್ಕೆ ಹೋದಾಗ ತಾಡಪತ್ರಿಯ ನೆರಳಿನಲ್ಲಿ ಎಂಟು ಹೆಂಗಸರು ನನಗೆ ಬೆನ್ನು ಮಾಡಿ ಕುಳಿತು ಸ್ಟ್ರಿಪ್ಪಿನಿಂದ ಬಿಳಿ ಗುಳಿಗೆ ಒತ್ತಿ ಒತ್ತಿ ಬಕೆಟ್ಟಿಗೆ ಉದುರಿಸುತ್ತಿದ್ದರು. ಓಣಿಯಲ್ಲಿ ನನ್ನನ್ನು ಕಂಡು ಕದ ಹಾಕಿಕೊಂಡವರೇ. ಗುಳಿಗೆ ತಮಗಲ್ಲ ಎಂದಾದ ಮೇಲೆ ಅವರಿಗೆ ನಾಚಿಕೆಯೂ ಇರಲಿಲ್ಲ, ಬಾಯಿ ತುಂಬ ನಗುತ್ತಿದ್ದರು. ಕಂದು ಗುಳಿಗೆಯಿಂದ ಮಣಿಯ ಮೇಲೆ ಕಲೆ ಬೀಳುತ್ತದೆಂದು ಅವನ್ನು ಮುಟ್ಟದೆ, ಏಳೇಳು ಕಂದು ಉಳಿದ ಸ್ಟ್ರಿಪ್ಪುಗಳನ್ನು ಗೋಣಿಚೀಲದಲ್ಲಿ ತುಂಬಿ ಧರೆಪ್ಪ ನನಗೇ ವಾಪಸು ಕಳಿಸಿದ. ಪ್ರಾಮಾಣಿಕ ಮನುಷ್ಯ.

(ಇಲ್ಲಿ ಧರೆಪ್ಪ ತಕರಾರು ತೆಗೆಯುತ್ತಾನೆ. “ನನ್ನ ಹುಚ್ಚನಂಗ ಬರೀಬ್ಯಾಡ್ರಿ. ಆ ವರ್ಷ ನನ್ನ ಮಾಲಿನಾಗ ಬೀಜ ಇತ್ತೇನು, ಖರೆ ಹೇಳ್ರಿ.” ಇರಲಿಲ್ಲ. ಮಾರ್ಚಿನಲ್ಲಿ ನನಗೊಂದು ಪೆಟ್ಟಿಗೆ ಕಳಿಸಿದ್ದ, ತಿಂದಿದ್ದೇನೆ. ಬೇರೆ ಕಾರಣವಿರಬಹುದು, ನಾನು ದ್ರಾಕ್ಷಿ ತಜ್ಞನಲ್ಲ. ಒಟ್ಟಿನಲ್ಲಿ ಈ ಕಥೆಯಲ್ಲಿ ಯಾರಿಗಾದರೂ ಗುಳಿಗೆಯಿಂದ ಉಪಯೋಗವಾಗಿದ್ದರೆ ಅದು ದ್ರಾಕ್ಷಿಗೆ.)

ಕಾಲಂ 3: ಹೆಂಡತಿಯ ವಯಸ್ಸು

ಹೆಂಡತಿಯಲ್ಲ. ಕಾಲಂ ಹಾಗೆ ಅಚ್ಚಾಗಿದೆ, ನಾನೇನು ಮಾಡಲಿ.

ತಾರವ್ವ, ಇಪ್ಪತ್ತು ವರ್ಷ, ಧರೆಪ್ಪನ ಮಗಳು. ಎಲ್ಲರೂ ತಾರಾ ಎನ್ನುತ್ತಿದ್ದರು. ಅಥಣಿಯ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ಬಿ.ಎಡ್., ಆಮೇಲೆ ಎಲ್ಲಾದರೂ ಒಂದು ಹೈಸ್ಕೂಲಿನಲ್ಲಿ ಟೀಚರು. ಧರೆಪ್ಪ ಇದಕ್ಕೆ ಒಪ್ಪಿದ್ದ, ಒಂದು ಷರತ್ತಿನ ಮೇಲೆ. ನಡುವೆ ಏನಾದರೂ ಮಾತು ಕಿವಿಗೆ ಬಿತ್ತೋ, ಪುಸ್ತಕ ಕಟ್ಟಿಟ್ಟು ರಾಯಬಾಗದ ಅತ್ತೆಯ ಮಗನ ಜೊತೆ ಎಂಟು ದಿನದಲ್ಲಿ ಅಕ್ಷತೆ. ಆ ಅತ್ತೆಯ ಮಗನ ಬಗ್ಗೆ ತಾರಾಗೆ ಗೊತ್ತಿದ್ದದ್ದು ಇಷ್ಟೇ, ಅವನು ಬುಲೆಟ್ ಗಾಡಿ ತೊಳೆಯುವಾಗ ಹಾಡುತ್ತಾನೆ.

ಅವಳ ಕಣ್ಣಿನ ಬಗ್ಗೆ ಎರಡು ಸಾಲು ಬರೆದಿದ್ದೆ.

“ತಗೀರಿ ಅದನ್ನ,” ಎಂದಳು ತಾರಾ.

“ಯಾಕ? ಚಲೋ ಅದಾವು ಸಾಲು.”

“ನೀವು ನನ್ನ ಕಣ್ಣ ನೋಡಿ ಮಾತಾಡಿದ್ದ ಇಲ್ಲ. ಅವತ್ತ ಗ್ವಾಡಿ ಮ್ಯಾಲಿನ ಕೆಂಪು ತ್ರಿಕೋನ ನೋಡಕೋಂತ ಮಾತಾಡಿದ್ರಿ. ಅದನ್ನ ಬರೀರಿ ಬೇಕಾದರ.”

ತೆಗೆದಿದ್ದೇನೆ.

ಅವಳು ನನ್ನ ಬಾಗಿಲಿಗೆ ಬಂದದ್ದು ಯಾಕೆ ಎಂಬುದಕ್ಕೂ ನಾನೇ ಕಾರಣ. ಆ ವರ್ಷ ಜುಲೈನಲ್ಲಿ ಅವರ ಕಾಲೇಜಿನಲ್ಲಿ ನನ್ನ ಭಾಷಣವಿತ್ತು. ವಿಷಯ: ‘ಯುವಜನರು ಮತ್ತು ವೈಯಕ್ತಿಕ ಜವಾಬ್ದಾರಿ’. ನಲವತ್ತು ನಿಮಿಷದಲ್ಲಿ ಜವಾಬ್ದಾರಿ ಎಂಬ ಪದವನ್ನು ಅರವತ್ತು ಸಲ ಬಳಸಿರಬೇಕು. ಕೊನೆಗೆ ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಕೇಳಿ ಎಂದೆ. ಒಂದು ಚೀಟಿಯಲ್ಲಿ ಹೀಗಿತ್ತು: ‘ಎಲ್ಲಾ ಮುಗಿದ ಮೇಲೆ ನೆನಪಾದರೆ, ಆಗ ಏನಾದರೂ ಇದೆಯೇ?’

ಹುಡುಗರು ನಕ್ಕರು. ನಾನು ನಗಲಿಲ್ಲ, ಯಾಕೆಂದರೆ ಉತ್ತರ ಗೊತ್ತಿತ್ತು. ಚಿಕ್ಕೋಡಿಯ ಒಂದು ತರಬೇತಿಯಲ್ಲಿ ಲೇಡಿ ಡಾಕ್ಟರೊಬ್ಬರು ಹೇಳಿದ್ದರು: ಇದೇ ಗುಳಿಗೆಯನ್ನು ಬೇರೆ ಪ್ರಮಾಣದಲ್ಲಿ ಮೂರು ದಿನದೊಳಗೆ ಕೊಟ್ಟರೆ ಬಹಳ ಸಲ ಗರ್ಭ ನಿಲ್ಲುವುದು ತಪ್ಪುತ್ತದೆ. (ಎಷ್ಟು, ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಇದು ಕಥೆ, ಡಾಕ್ಟರ ಚೀಟಿಯಲ್ಲ.) ಇದನ್ನು ವೇದಿಕೆಯ ಮೇಲೆ ದೊಡ್ಡ ದನಿಯಲ್ಲಿ ಹೇಳಿ, “ಯಾರಿಗೆ ಯಾವಾಗ ಬೇಕಾದರೂ ನನ್ನ ಬಾಗಿಲು ತೆರೆದಿರುತ್ತದೆ, ಯಾರ ಹೆಸರೂ ಕೇಳುವುದಿಲ್ಲ,” ಎಂದು ಸೇರಿಸಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರಲ್ಲಿ ತಾರಾ ಇದ್ದಳು, ಮೂರನೆಯ ಬೆಂಚಿನಲ್ಲಿ.

ಕಾಲಂ 4: ಬಳಸುವ ವಿಧಾನ

ಗುರುವಾರ ಸಂಜೆ ತೋಟದ ಪ್ಯಾಕಿಂಗ್ ಶೆಡ್ಡಿನಲ್ಲಿ ಏನಾಯಿತು ಎನ್ನುವುದನ್ನು ಬರೆಯುವುದಿಲ್ಲ. ಸಭ್ಯತೆಯಿಂದ ಅಲ್ಲ. ಬರೆಯಲು ಕೂತಾಗ ತಾರಾ “ಅದು ನಮ್ಮಿಬ್ಬರದು, ನಿಮ್ಮದಲ್ಲ,” ಎಂದಳು. ಇಬ್ಬರಿಗೂ ಮನಸ್ಸಿತ್ತು, ಯಾರೂ ಯಾರನ್ನೂ ಒತ್ತಾಯ ಮಾಡಲಿಲ್ಲ, ಇಬ್ಬರಿಗೂ ಆಮೇಲೆ ಹೆದರಿಕೆಯಾಯಿತು. ಓದುಗರಿಗೆ ಇಷ್ಟು ಸಾಕು.

ಇನ್ನೊಬ್ಬನ ಹೆಸರು ಜ್ಞಾನದೇವ. ಕುರಿ ಕಾಯುವ ಮನೆಯವನು, ಆ ಮನೆತನದಲ್ಲಿ ಮೊದಲ ಸಲ ಕಾಲೇಜು ಕಂಡವನು, ತಾರಾಳ ಕ್ಲಾಸಿನಲ್ಲೇ ಓದುತ್ತಿದ್ದವನು. ಧರೆಪ್ಪನ ಮನೆಗೂ ಅವನ ಮನೆಗೂ ಲಗ್ನದ ಮಾತು ಏಳುವುದು ಆ ಊರಿನಲ್ಲಿ ಸಾಧ್ಯವಿರಲಿಲ್ಲ, ಅದಕ್ಕೆ ಕಾರಣ ಕೇಳಿದರೆ ನೀವು ಈ ಕಡೆಯವರಲ್ಲ.

ಮೂರು ದಿನ ಎನ್ನುವುದು ಇಬ್ಬರಿಗೂ ನೆನಪಿತ್ತು. ಭಾನುವಾರ ಸಂಜೆಯ ಒಳಗೆ. ಶುಕ್ರವಾರ ಬೆಳಿಗ್ಗೆ ಜ್ಞಾನದೇವ ಬಸ್ಸು ಹಿಡಿದ. ಮಿರಜ ಅರ್ಧ ತಾಸಿನ ದಾರಿ, ಆದರೆ ಮಿರಜಕ್ಕೆ ಹೋಗುವುದೆಂದರೆ ಊರಿಗೆ ಡಂಗುರ ಸಾರಿದಂತೆ, ಅಲ್ಲಿನ ಯಾವ ದವಾಖಾನೆಯ ಯಾವ ಕಾಟಿನ ಮೇಲೆ ನೋಡಿದರೂ ನಮ್ಮೂರಿನ ಒಬ್ಬರು ಮಲಗಿರುತ್ತಾರೆ, ಅವರನ್ನು ನೋಡಲು ಹತ್ತು ಜನ ನಿಂತಿರುತ್ತಾರೆ. ಅದಕ್ಕೆ ಅವನು ಚಿಕ್ಕೋಡಿ ದಾಟಿ ನಿಪ್ಪಾಣಿಗೆ ಹೋದ. ಅಲ್ಲಿ ಅವನಿಗೆ ಯಾರೂ ಗೊತ್ತಿರಲಿಲ್ಲ.

ಇಲ್ಲಿ ಎರಡು ಡ್ರಾಫ್ಟುಗಳಿವೆ.

ಮೊದಲನೆಯದರಲ್ಲಿ ಮೆಡಿಕಲ್ ಅಂಗಡಿಯವನು “ಲಗ್ನ ಝಾಲಂ ಕಾ?” ಎಂದು ಮರಾಠಿಯಲ್ಲಿ ಕೇಳುತ್ತಾನೆ, ಮದುವೆಯಾಗಿದೆಯಾ ಎಂದು. ಜ್ಞಾನದೇವ “ಹೋ,” ಹೌದು, ಎನ್ನುತ್ತಾನೆ. ಅಂಗಡಿಯವನು ಸ್ಟ್ರಿಪ್ಪು ಕೊಡುತ್ತಾನೆ. ಕಥೆ ಮುಗಿಯುತ್ತದೆ, ನೀವು ಪುಟ ತಿರುವುತ್ತೀರಿ, ನನ್ನ ಸುದ್ದಿಯೇ ಬರುವುದಿಲ್ಲ. ಈ ಡ್ರಾಫ್ಟನ್ನು ಉಳಿಸಿಕೊಳ್ಳಲು ಬಹಳ ಪ್ರಯತ್ನಪಟ್ಟೆ.

ಎರಡನೆಯದರಲ್ಲಿ ಜ್ಞಾನದೇವ “ನಾಹಿ” ಎನ್ನುತ್ತಾನೆ. ಯಾಕೆಂದರೆ ಆಗಿರಲಿಲ್ಲ.

“ಲೇ, ಒಂದ ‘ಹೋ’ ಅನ್ನಾಕ ನಿನಗೇನ ಆಗಿತ್ತೋ?” ಎಂದು ನಾನು ಅವನಿಗೆ ಬೈದೆ.

“ಕೇಳಿದ್ರು, ಇದ್ದದ್ದ ಹೇಳಿದೆ ರಿ,” ಎಂದ. “ಡಾಕ್ಟರ್ ಚೀಟಿ ತಗೊಂಡ ಬಾ, ಇಲ್ಲಾಂದ್ರ ಹೆಂಡ್ತೀನ ಕರಕೊಂಡ ಬಾ ಅಂದ್ರು. ಎರಡನೇ ಅಂಗಡ್ಯಾಗೂ ಹಂಗ ಅಂದ್ರು. ಅಲ್ಲೆ ನಿಂತವರೆಲ್ಲಾ ನನ್ನ ನೋಡಾಕತ್ತಿದ್ರು.”

“ಮೂರನೇ ಅಂಗಡಿಗೆ?”

“ಮೂರನೇ ಅಂಗಡಿ ಮುಂದ ಕಾಲ ಏಳಲಿಲ್ಲ ರಿ.”

ಆದರೆ ಅವನು ಬರಿಗೈಯಲ್ಲಿ ಬರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ನಾಲ್ಕು ತಾಸು ಕುಳಿತು ಒಂದು ನಿರ್ಧಾರ ಮಾಡಿಕೊಂಡು ಬಂದ. ಶುಕ್ರವಾರ ಸಂಜೆ ತಾರಾಳನ್ನು ಕಂಡು, ಏನಾದರೂ ಆದರೆ ನಿನ್ನನ್ನು ಲಗ್ನವಾಗುತ್ತೇನೆ, ಜವಾಬ್ದಾರಿ ನನ್ನದು, ಎಂದ. ಆ ಪದ ನನ್ನ ಭಾಷಣದ್ದು ಎಂದು ನನಗೆ ಗುಮಾನಿ.

“ನಾ ಗುಳಿಗಿ ತಾ ಅಂದಿದ್ದೆ, ಆಂವ ಲಗ್ನ ತಂದ,” ಎನ್ನುತ್ತಾಳೆ ತಾರಾ. “ಅವನಪ್ಪ, ನನ್ನಪ್ಪ ಕೊಡ್ಲಿ ಹಿಡದ ನಿಂದರತಾರ ಅನ್ನೂದು ಒಂದ ಕಡೆ ಇರಲಿ. ನನಗ ಮಾರ್ಚದಾಗ ಪರೀಕ್ಷೆ ಇತ್ತು. ಅದು ಯಾರಿಗೂ ನೆನಪ ಇರಲಿಲ್ಲ.”

ಕಾಲಂ 5: ಸರಬರಾಜು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ತಾರಾ ಉಪಕೇಂದ್ರಕ್ಕೆ ಬಂದಳು. ಬಾಗಿಲು, ಮಾತು ಕೊಟ್ಟ ಹಾಗೆ, ತೆರೆದಿತ್ತು.

“ಅಣ್ಣಾರ, ನೀವು ಜುಲೈದಾಗ ಹೇಳಿದ್ರಲ್ಲ, ಮೂರ ದಿನದ ಒಳಗ ಅಂತ. ಆ ಗುಳಿಗಿ ಬೇಕಾಗಿತ್ರಿ.”

“ಯಾರಿಗೆ?”

(ಹೆಸರು ಕೇಳುವುದಿಲ್ಲ ಎಂದಿದ್ದವನ ಬಾಯಿಂದ ಬಂದ ಮೊದಲ ಮಾತು ಇದು.)

“ನನಗ.”

ನಾನು ಗೋಡೆಯ ಮೇಲಿನ ಕುಟುಂಬ ಯೋಜನೆಯ ತ್ರಿಕೋನ ನೋಡುತ್ತ ಭಾಷಣ ಶುರು ಮಾಡಿದೆ. ಓದುವ ಹುಡುಗಿ, ತಂದೆಯ ಮರ್ಯಾದೆ, ಒಂದು ಕ್ಷಣದ ತಪ್ಪು, ಜವಾಬ್ದಾರಿ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಖರೇ ಐತ್ರಿ ಅಣ್ಣಾರ. ಈಗ ಗುಳಿಗಿ ಕೊಡ್ರಿ,” ಎಂದಳು.

ಗುಳಿಗೆ ಇರಲಿಲ್ಲ. ಎಲ್ಲವೂ ಅವಳಪ್ಪನ ಗೊಂಚಲುಗಳಲ್ಲಿ ತೂಗಾಡುತ್ತಿದ್ದವು. ಮೇಲಿನ ಕೇಂದ್ರದಲ್ಲಿ ಇತ್ತು, ಹನ್ನೆರಡು ಕಿಲೋಮೀಟರು, ಹೊರಗೆ ನನ್ನ ಲೂನಾ ನಿಂತಿತ್ತು. ಆದರೆ ಅಲ್ಲಿ ಹೊಸ ಸ್ಟ್ರಿಪ್ಪು ಕೊಡಬೇಕೆಂದರೆ ಹಳೆಯವು ಎಲ್ಲಿ ಹೋದವು ಎಂದು ಕೇಳುತ್ತಾರೆ. ನನ್ನ ರಜಿಸ್ಟರಿನ ಪ್ರಕಾರ ಊರಿನ ನೂರಾ ಹದಿನಾಲ್ಕು ದಂಪತಿಗಳ ಬಳಿ ಜನವರಿಯವರೆಗಿನ ದಾಸ್ತಾನಿತ್ತು. ನಿಜ ಹೇಳಿದರೆ ನೌಕರಿ ಹೋಗುತ್ತಿತ್ತು.

“ರಜಿಸ್ಟರದಾಗ ಹೆಸರ ಇದ್ದವರಿಗೆ ಅಷ್ಟ ಕೊಡಾಕ ಬರತೈತಿ, ತಂಗಿ,” ಎಂದೆ.

“ಬರಕೊಳ್ರಿ ನನ್ನ ಹೆಸರ.”

“ಅದರಾಗ ಗಂಡನ ಹೆಸರಿನ ಕಾಲಂ ಐತಿ.”

“ಯಾವದರ ಒಂದ ಹೆಸರ ಬರೀರಿ.”

“ಸುಳ್ಳ ಬರ್ಯಾಕ ಬರಂಗಿಲ್ಲವಾ. ಸರಕಾರದ ಪುಸ್ತಕ ಅದು.”

ಈ ಮಾತನ್ನು ನಾನೇ ಆಡಿದೆ. ಸತ್ತ ಧೂಳಪ್ಪನಿಗೆ ಸಂಸಾರ ನಡೆಸಿಕೊಟ್ಟವನು ಆಡಿದೆ. ಆರು ವರ್ಷದಿಂದ ಈ ಸಾಲನ್ನು ಕಥೆಯಿಂದ ಹೊರಗಿಡಲು ಒದ್ದಾಡಿದ್ದೇನೆ, ಪ್ರತಿ ಡ್ರಾಫ್ಟಿನಲ್ಲೂ ಬಂದು ಕೂರುತ್ತದೆ.

ಅವಳು ಎದ್ದು ಹೋಗಲಿಲ್ಲ. ಬೆಂಚಿನ ಮೇಲೆ ಹಾಗೇ ಕೂತಳು. ಹನ್ನೊಂದಾಯಿತು. ಯಾರಾದರೂ ಬಂದರೆ ಏನು ಹೇಳುವುದು, ಧರೆಪ್ಪನಿಗೆ ಗೊತ್ತಾದರೆ ಏನು, ಪೆಟ್ಟಿಗೆಯ ಮಾತು ಹೊರಬಿದ್ದರೆ ಏನು. ನನಗೆ ಅವಳು ಅಲ್ಲಿಂದ ಏಳಬೇಕಿತ್ತು, ಅಷ್ಟೇ. ಒಳಗೆ ಹೋದೆ. ಗೋಣಿಚೀಲದಿಂದ ಒಂದಿಷ್ಟು ಕಂದು ಗುಳಿಗೆ ಬಿಡಿಸಿ, ಪೇಪರಿನಲ್ಲಿ ಪೊಟ್ಟಣ ಕಟ್ಟಿ ತಂದು ಅವಳ ಕೈಯಲ್ಲಿಟ್ಟೆ.

“ಅರ್ಧಾ ಈಗ, ಅರ್ಧಾ ರಾತ್ರಿ. ಯಾರಿಗೂ ಹೇಳಬ್ಯಾಡ,” ಎಂದೆ.

ಬರೀ ಕಬ್ಬಿಣ.

ಇದನ್ನು ಬರೆದ ಮೇಲೆ ಎರಡು ದಿನ ಪೆನ್ನು ಮುಟ್ಟಲಿಲ್ಲ. ನನ್ನ ಮೇಲೆ ನನಗೆ ಹೇಸಿಕೆಯಾಯಿತು. ಇದಕ್ಕೆ ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಕಾಲಂ 6: ಫಲಿತಾಂಶ (ಇಲ್ಲಿ ಕಥೆಗಾರನಿಗೆ ಆಯ್ಕೆಗಳಿವೆ)

ಅ) ಪೊಟ್ಟಣ ಕೊಟ್ಟ ಅರ್ಧ ತಾಸಿಗೆ ನನ್ನ ಮನಸ್ಸು ತಡೆಯುವುದಿಲ್ಲ. ಲೂನಾ ಹತ್ತಿ ಮೇಲಿನ ಕೇಂದ್ರಕ್ಕೆ ಹೋಗಿ ಎಲ್ಲ ಒಪ್ಪಿಕೊಂಡು, ಸಸ್ಪೆಂಡ್ ಆಗಿ, ನಿಜವಾದ ಸ್ಟ್ರಿಪ್ಪು ತಂದು ಕೊಡುತ್ತೇನೆ. ಇದರಲ್ಲಿ ನಾನು ಬಹಳ ಚೆನ್ನಾಗಿ ಕಾಣುತ್ತೇನೆ. ತಾರಾ ಓದಿ, “ಇದರಾಗ ನಾ ಎಲ್ಲಿ ಅದೀನ್ರಿ?” ಎಂದು ಕೇಳಿದಳು. ನೋಡಿದೆ, ಪುಟದ ಪೂರ್ತಿ ನಾನೇ ತುಂಬಿದ್ದೆ.

ಆ) ಏನೂ ಆಗಿರುವುದಿಲ್ಲ. ಹತ್ತು ದಿನ ಬಿಟ್ಟು ಅವಳಿಗೆ ಮುಟ್ಟಾಗುತ್ತದೆ. ಇದು ಅಸಾಧ್ಯವೇನಲ್ಲ, ಎಷ್ಟೋ ಸಲ ಹೀಗೇ ಆಗುತ್ತದೆ. ಈ ಮುಕ್ತಾಯವನ್ನು ನಾನು ದೇವರಲ್ಲಿ ಬೇಡಿಕೊಂಡಿದ್ದೇನೆ, ಕಥೆಗಾರನಾಗಿ ಅಲ್ಲ.

ಇ) ಎರಡು ತಿಂಗಳ ನಂತರ ಮಿರಜದ ಒಂದು ದವಾಖಾನೆ. ಪಕ್ಕದ ಕಾಟಿನ ಮೇಲೆ ನಮ್ಮೂರಿನವರೊಬ್ಬರು.

ಈ) ರಾಯಬಾಗ, ಬುಲೆಟ್ ಗಾಡಿ, ಹಾಡು.

ಯಾವುದು ನಡೆಯಿತು ಎಂದು ನನ್ನನ್ನು ಕೇಳಬೇಡಿ. ಜನವರಿಯಲ್ಲಿ ನಾನು ಬೇಡಕಿಹಾಳದ ಕಡೆ ವರ್ಗ ಮಾಡಿಸಿಕೊಂಡೆ. ಮಾರ್ಚಿನಲ್ಲಿ ದ್ರಾಕ್ಷಿ ಪೆಟ್ಟಿಗೆ ಬಂದಾಗ ಅದರ ಜೊತೆ ಬೇರೆ ಸುದ್ದಿ ಬರಲಿಲ್ಲ, ನಾನೂ ಕೇಳಲಿಲ್ಲ. ಧರೆಪ್ಪನ ಮಗಳನ್ನು ರಾಯಬಾಗಕ್ಕೆ ಕೊಟ್ಟರೆಂದು ಮುಂದೆ ಯಾವಾಗಲೋ ಕಿವಿಗೆ ಬಿತ್ತು. ಒಬ್ಬರು ಶಿವರಾತ್ರಿಗೆ ಮುಂಚೆ ಎಂದರು, ಒಬ್ಬರು ಪರೀಕ್ಷೆ ಬರೆದ ಮೇಲೆ ಎಂದರು. ಜ್ಞಾನದೇವ ಕುರಿಗಳ ಹಿಂದೆ ಕೊಂಕಣದ ಕಡೆ ಹೋದ ಎಂದರು. ನಾನು ಎಲ್ಲರ ಮಾತಿಗೂ ‘ಹೌದಾ’ ಎಂದೆ.

ಒಂದೇ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅವಳು ನನ್ನ ಪೊಟ್ಟಣವನ್ನು ನಂಬಿದಳೇ? ನಂಬಿದ್ದರೆ ಶನಿವಾರದ ಉಳಿದ ದಿನ, ಭಾನುವಾರ ಪೂರ್ತಿ, ಅವಳು ನಿಶ್ಚಿಂತೆಯಿಂದ ಕುಳಿತಿದ್ದಳು. ಬೇರೆ ಯಾರ ಬಾಗಿಲಿಗೂ ಹೋಗದೆ. ಉಳಿದಿದ್ದ ಒಂದೂವರೆ ದಿನವನ್ನು ಅವಳಿಂದ ಕಸಿದವನು ನಾನು.

“ನನಗ ಆಗಲೇ ಗೊತ್ತಾಗಿತ್ರಿ,” ಎನ್ನುತ್ತಾಳೆ ತಾರಾ.

“ಹೆಂಗ?”

“ತಾಡಪತ್ರಿ ಕೆಳಗ ನಾನೂ ಕುಂತಿದ್ನೆಲ್ಲ. ಬಿಳಿ ಒತ್ತಿ ಒತ್ತಿ ನನ್ನ ಹೆಬ್ಬಟ್ಟ ನೋಯಾಕತ್ತಿತ್ತು. ಕಂದು ಬ್ಯಾಡ, ಅದು ಬರೀ ಕಬ್ಬಿಣ ಅಂತ ಅಪ್ಪಗ ಹೇಳಿದಾಕಿ ನಾನ.”

“ಅಲ್ಲಿ ಎಂಟ ಮಂದಿ ಇದ್ರು. ನಾ ಎಣಿಸೇನಿ.”

“ಒಂಬತ್ತ ಮಂದಿ. ನೀವು ಎಣಿಸಿದ್ದು ಎಂದರ ಬರೋಬರಿ ಆಗೇತೇನ್ರಿ?”

“ಮತ್ತ ಗೊತ್ತಿದ್ದ ನನ್ನ ಕಡೆ ಯಾಕ ಬಂದಿ?”

“ಒಂದ ಸ್ಟ್ರಿಪ್ ಆದರೂ ಇಟಗೊಂಡಿರತೀರಿ ಅನಕೊಂಡೆ. ಇಲ್ಲಾಂದ್ರ ಮ್ಯಾಲಿನ ದವಾಖಾನಿಗೆ ಚೀಟಿ ಬರೀತೀರಿ ಅಂತ. ಅದೂ ಇಲ್ಲಾಂದ್ರ ನೀವ ಮಿರಜಿಗೆ ಹೋಗಿ ಅಂಗಡ್ಯಾಗ ತರತೀರಿ ಅಂತ. ನಿಮಗ ಲಗ್ನ ಆಗಿತ್ತಲ್ರಿ ಅಣ್ಣಾರ. ನಿಮ್ಮನ್ನ ಯಾರೂ ಏನೂ ಕೇಳತಿರಲಿಲ್ಲ.”

ಇದು ನನಗೆ ಆ ದಿನ ಹೊಳೆದಿರಲಿಲ್ಲ. ಅರ್ಧ ತಾಸಿನ ದಾರಿ, ನನ್ನಂಥ ಎರಡು ಮಕ್ಕಳ ತಂದೆಗೆ ಅಂಗಡಿಯವನು ಮುಖ ಎತ್ತದೆ ಕೊಟ್ಟು ಕಳಿಸುತ್ತಿದ್ದ. ಹೊಳೆಯಲಿಲ್ಲವೋ, ಹೊಳೆಯುವುದಕ್ಕೆ ಬಿಡಲಿಲ್ಲವೋ, ಹೇಳಲಾರೆ.

“ಹಂಗಾದರ ಪೊಟ್ಲಿ ಯಾಕ ಇಸಗೊಂಡಿ? ಮಾರಿಗೆ ಒಗೀಬೇಕಿತ್ತು.”

“ನೀವು ಬಾಗಲದ ಕಡೆ ನೋಡಕೋಂತ ಪೊಟ್ಲಿ ಕೊಟ್ರಿ. ನನಗಿಂತ ನೀವ ಹೆಚ್ಚ ಹೆದರೀರಿ ಅನಿಸ್ತು. ಇವರಿಂದ ಏನೂ ಆಗೂದಿಲ್ಲ ಅಂತ ಎದ್ದ ಹೋದೆ.”

ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ನೋಡಿ. ಅವಳಿಗೆ ಗೊತ್ತಿತ್ತು ಎಂದಾದರೆ ನನ್ನ ಮೋಸ ಮೋಸವಾಗಿಯೇ ಉಳಿಯುವುದಿಲ್ಲ, ಅವಳು ಆ ಒಂದೂವರೆ ದಿನದಲ್ಲಿ ಬೇರೆ ದಾರಿ ಹುಡುಕಿಕೊಂಡಿರುತ್ತಾಳೆ, ನಾನು ನಿದ್ದೆ ಮಾಡಬಹುದು. ಇಷ್ಟು ಅನುಕೂಲವಾದ ಸಾಕ್ಷಿ ಹೇಳುವ ಈ ತಾರಾ ಯಾರು? ನಾನು ಬರೆದವಳು. ನೂರಾ ಹದಿನೈದನೆಯ ಸಾಲು.

ಆ ತಾಡಪತ್ರಿಯ ಕೆಳಗೆ ಎಂಟು ಜನ ಇದ್ದರೋ ಒಂಬತ್ತು ಜನವೋ ನನಗೆ ಗೊತ್ತಿಲ್ಲ. ಬೆನ್ನುಗಳನ್ನಷ್ಟೇ ನೋಡಿದ್ದೆ.

ಷರಾ

ರಜಿಸ್ಟರಿನ ಕೊನೆಯ ಕಾಲಂ ಇದು. ಎಲ್ಲಿಯೂ ಹಿಡಿಸದ್ದನ್ನು ಇಲ್ಲಿ ಬರೆಯುತ್ತಾರೆ. ನಾನು ಯಾವಾಗಲೂ ಖಾಲಿ ಬಿಡುತ್ತಿದ್ದೆ.

ಈ ವರ್ಷ, 1999ರಲ್ಲಿ, ಮತ್ತೊಂದು ತರಬೇತಿಗೆ ಹೋಗಿದ್ದೆ. ಇದಕ್ಕೆಂದೇ ಬೇರೆ ಗುಳಿಗೆ ಬರಲಿದೆಯಂತೆ, ಮೂರು ದಿನದೊಳಗೆ ತೆಗೆದುಕೊಳ್ಳುವುದು. ಯಾರು ಹಂಚುತ್ತಾರೆ ಎಂದು ಒಬ್ಬರು ಕೇಳಿದರು. ‘ನಿಮ್ಮಂಥವರೇ’ ಎಂದರು ಡಾಕ್ಟರು. ನಾನು ತಲೆ ತಗ್ಗಿಸಿ ಟಿಪ್ಪಣಿ ಬರೆದುಕೊಂಡೆ.

ತರಬೇತಿ ಮುಗಿಸಿ ಚಿಕ್ಕೋಡಿ ಬಸ್‌ಸ್ಟ್ಯಾಂಡಿಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ರಾಯಬಾಗದ ಬಸ್ಸು ನಿಲ್ಲುವ ಕಡೆ ತಾರಾ ನಿಂತಿದ್ದಳು. (ಇದನ್ನು ನಾನು ಕಟ್ಟಿದ್ದಲ್ಲ. ನೂರಾ ಹದಿನಾಲ್ಕು ಸುಳ್ಳು ಬರೆದವನು ಹೀಗೆಂದರೆ ನಂಬುವುದು ಬಿಡುವುದು ನಿಮ್ಮ ಜವಾಬ್ದಾರಿ.) ಕೊರಳಲ್ಲಿ ತಾಳಿ, ಹೆಗಲಲ್ಲಿ ದೊಡ್ಡ ಬಟ್ಟೆಯ ಚೀಲ. ಚೀಲದಲ್ಲಿ ಪುಸ್ತಕಗಳಿದ್ದವೋ ಸಂತೆಯ ಸಾಮಾನೋ, ಉಬ್ಬು ನೋಡಿ ಗುರುತು ಹಿಡಿಯಲು ಬಹಳ ಯತ್ನಿಸಿದೆ. ಕೈ ಹಿಡಿದುಕೊಂಡು ಒಂದು ಹೆಣ್ಣು ಮಗು ನಿಂತಿತ್ತು.

ನಾನು ಕಂಬದ ಹಿಂದೆ ನಿಂತು ಬೆರಳು ಮಡಚಿ ತಿಂಗಳು ಎಣಿಸಿದೆ. ಡಿಸೆಂಬರಿನಿಂದ ಒಂಬತ್ತು. ಸೆಪ್ಟೆಂಬರಿನಲ್ಲಿ ಹುಟ್ಟಿದ್ದರೆ ಈಗ ಐದು ತುಂಬಿರಬೇಕು. ಆ ಮಗುವಿಗೆ ಐದಿರಬಹುದು, ನಾಲ್ಕಿರಬಹುದು, ಸಣ್ಣ ಮೈಯ ಆರೂ ಇರಬಹುದು. ಎಣಿಸುವುದು ನನಗೆ ಬರುವುದಿಲ್ಲ ಎಂದು ನಿಮಗೆ ಆಗಲೇ ಗೊತ್ತಾಗಿದೆ.

ಅವಳು ನನ್ನನ್ನು ನೋಡಿದಳು. ನೋಡದವಳ ಹಾಗೆ ತಿರುಗಲಿಲ್ಲ.

“ಆರಾಮ ಅದೀರೇನ್ರಿ ಅಣ್ಣಾರ?” ಎಂದಳು. ಮಗುವಿಗೆ, “ಮಾಮಾಗ ನಮಸ್ಕಾರ ಮಾಡ,” ಎಂದಳು. ಮಗು ಒಂದೇ ಕೈಯಿಂದ ನಮಸ್ಕಾರ ಮಾಡಿತು, ಇನ್ನೊಂದು ಅವಳ ಸೆರಗಿನಲ್ಲಿತ್ತು.

ನನಗೆ ಕೇಳಲು ಇದ್ದದ್ದು ಒಂದೇ ಮಾತು. ಪೊಟ್ಟಣವನ್ನು ನಂಬಿದ್ದೆಯಾ ಎಂದು. ಪರೀಕ್ಷೆ ಬರೆದೆಯಾ ಎಂದಾದರೂ ಕೇಳಬಹುದಿತ್ತು. ತಪ್ಪಾಯಿತು ಎಂದಾದರೂ ಅನ್ನಬಹುದಿತ್ತು, ಅದಕ್ಕೆ ಯಾವ ಉತ್ತರವೂ ಬೇಕಿರಲಿಲ್ಲ. ನಾನು ಬಗ್ಗಿ ಮಗುವಿನ ಗಲ್ಲ ಮುಟ್ಟಿದೆ.

“ನಿನಗ ಎಷ್ಟ ವರ್ಷ, ಪುಟ್ಟಿ?”

ಮಗು ಬಾಯಿ ತೆರೆಯಿತು. ತಾರಾ ಮೆಲ್ಲಗೆ ಅದರ ಬಾಯಿಯ ಮೇಲೆ ಕೈ ಇಟ್ಟಳು. ಸಿಟ್ಟಿರಲಿಲ್ಲ ಮುಖದಲ್ಲಿ. ನನ್ನ ಕಣ್ಣನ್ನೇ ನೋಡುತ್ತ ಕೇಳಿದಳು:

“ಬರಕೊಳ್ಳಾಕ ಕೇಳಾಕತ್ತೀರೇನ್ರಿ?”

ರಾಯಬಾಗದ ಬಸ್ಸು ಬಂತು. ಅವಳು ಮಗುವನ್ನು ಎತ್ತಿಕೊಂಡು ಹತ್ತಿದಳು, ಜನರ ನಡುವೆ ಚೀಲ ಒಳಗೆ ಹೋಯಿತು. ನಾನು ಪೆನ್ನು ಹೊರಗೆ ತೆಗೆದಿರಲಿಲ್ಲ. ಆದರೆ ಕೈ ಕಿಸೆಯ ಮೇಲಿತ್ತು.